ಅಕ್ಕನಿಗೆ ಹೇಳದೆ ಬಿಟ್ಟ ಮಳೆ

ಮಳೆ ಬರುತ್ತದೆಂದು ನನಗೆ ಗೊತ್ತಿತ್ತು. ಅಕ್ಕನಿಗೆ ಹೇಳಲಿಲ್ಲ. ಅವಳ ಎರಡು ಎಕರೆ ರಾಗಿ ಕುಯ್ಲಾಗಿ ನೆಲದ ಮೇಲೆ ಮಲಗಿತ್ತು. ಅವಳಾಗಿಯೇ ನನ್ನ ಬಾಗಿಲಿಗೆ ಬಂದು, ಪೇಟೆಯಲ್ಲಿ ಏನಾದರೂ ಸುದ್ದಿ ಇತ್ತೇ ಎಂದು ಕೇಳಿದಳು. ಏನೂ ಇಲ್ಲವೆಂದೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲೋ ಒಂದು ಕಡೆ ನ್ಯಾಯವನ್ನು ನನ್ನತ್ತ ತಿರುಗಿಸಿಕೊಂಡುಬಿಡುತ್ತೇನೆಂಬ ಅನುಮಾನ ನನಗೆ ನನ್ನ ಮೇಲೆಯೇ ಇದೆ.

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿಯಾಗಲಿಲ್ಲ. ಕಾಗದ ಬರೆಯುವುದಕ್ಕೆ, ಬಸ್ಸಿನ ಬೋರ್ಡು ಓದುವುದಕ್ಕೆ ಸಾಲುವಷ್ಟು ಅಕ್ಷರ ಕೈಯಲ್ಲಿ ಉಳಿದಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವುದು ಬಿಟ್ಟು ಬೇರೇನೂ ನನಗೆ ಬರುವುದಿಲ್ಲ.

ನಮ್ಮೂರು ಹುಣಸೂರಿನಿಂದ ಬಿಳಿಕೆರೆ ಕಡೆಗೆ ನಾಲ್ಕು ಮೈಲಿ, ರಸ್ತೆಯಿಂದ ಸ್ವಲ್ಪ ಒಳಕ್ಕೆ. ಮಳೆಗೆ ನಾವು ಪಡುವಣ ದಿಕ್ಕು ನೋಡುವವರು. ಪಿರಿಯಾಪಟ್ಟಣದ ಆಚೆ, ಕೊಡಗಿನ ಬೆಟ್ಟದ ಮೇಲೆ ಕಪ್ಪು ಕಟ್ಟಿತೆಂದರೆ ದನ ಒಳಗೆ ಕಟ್ಟುವಷ್ಟು ಹೊತ್ತು ನಮಗೆ ಸಿಗುತ್ತದೆ. ಅದು ಎದುರಿನಿಂದ, ಗುಡುಗಿ, ಹೇಳಿ ಬರುವ ಮಳೆ. ಕಾರ್ತಿಕ ಮುಗಿದು ಮಾರ್ಗಶಿರ ಹತ್ತಿರವಾದಾಗ ಬರುವುದು ಹಾಗಲ್ಲ. ಅದು ಮೂಡಲಿನಿಂದ, ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಗುಡುಗಿಲ್ಲ, ಮಿಂಚಿಲ್ಲ. ಆಕಾಶ ಮೊದಲು ಹಾಲಿಗೆ ನೀರು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ. ತಣ್ಣನೆಯ ಗಾಳಿ ಬೀಸುತ್ತದೆ. ಆಮೇಲೆ ಮೂರು ದಿನ, ನಾಲ್ಕು ದಿನ, ಸೂರ್ಯನೇ ಇಲ್ಲದ ಹಾಗೆ ಜಡಿ ಹಿಡಿಯುತ್ತದೆ. ನಮ್ಮೂರಲ್ಲಿ ಅದನ್ನು ಮದ್ರಾಸ್ ಮಳೆ ಎನ್ನುತ್ತಿದ್ದರು. ಬಂಗಾಳ ಕೊಲ್ಲಿ ಎಂಬ ಸಮುದ್ರದಲ್ಲಿ ಸುಳಿಗಾಳಿ ಎದ್ದು, ಮದ್ರಾಸಿನ ಮೇಲೆ ಹತ್ತಿ, ಕಡೆಗೆ ನಮ್ಮ ಹೊಲದ ಮೇಲೆ ಬಂದು ಅಳುತ್ತದೆ ಎಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಸಮುದ್ರವನ್ನು ನಾನು ನೋಡಿರಲಿಲ್ಲ. ನೋಡದ ನೀರಿನಲ್ಲಿ ಎದ್ದ ಗಾಳಿ ನನ್ನ ರಾಗಿಯನ್ನೇ ಹುಡುಕಿಕೊಂಡು ಬರುವುದೆಂದರೆ ನನಗೆ ಅದರ ಮೇಲೂ ಒಂದು ಬಗೆಯ ಗುಮಾನಿ.

ಅದು ರಾಗಿ ಕುಯ್ಲಿನ ಕಾಲ. ರಾಗಿಯನ್ನು ಕುಯ್ದು, ಹಿಡಿ ಹಿಡಿಯಾಗಿ ಸಾಲಿನಲ್ಲಿ ಹಾಸಿ, ನಾಲ್ಕಾರು ದಿನ ಬಿಸಿಲಿಗೆ ಒಣಗಿಸಿ, ಕಂತೆ ಕಟ್ಟಿ, ಮೆದೆ ಒಟ್ಟಬೇಕು. ಒಣಗುವ ಮೊದಲೇ ಮೆದೆ ಹಾಕಿದರೆ ಒಳಗೆ ಕಾವು ಹುಟ್ಟಿ ಕಾಳು ಮುಗ್ಗುತ್ತದೆ. ಒಣಗಲೆಂದು ಬಿಟ್ಟಾಗ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಬರುತ್ತದೆ. ಈ ಎರಡರ ನಡುವೆ ಇರುವ ನಾಲ್ಕಾರು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಕುಯ್ದ ರಾಗಿ ಹೊಲದಲ್ಲಿರುವ ತನಕ ಮಳೆ ಎಂಬ ಹೆಸರನ್ನೇ ಎತ್ತಬಾರದೆಂದು ನಮ್ಮ ಅಪ್ಪ ಕಟ್ಟುಮಾಡಿದ್ದರು. ಎತ್ತಿದವರ ಬಾಯಿಯನ್ನು ಹಿಡಿದು ಮಳೆ ಬರುತ್ತದೆಂದು ಅವರ ನಂಬಿಕೆ. ತೀರ ಅಗತ್ಯವಾದರೆ ಗಲ್ಲ ಎತ್ತಿ ಮೂಡಲ ಕಡೆ ತೋರಿಸುತ್ತಿದ್ದರು, ಅಷ್ಟೇ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲವಂತೆ. ಕೃಷ್ಣರಾಜನಗರದ ಕಡೆಗೆ ಮದುವೆಯಾಗಿ ಹೋಗುವವರೆಗೂ ಅವಳ ಸೊಂಟದ ಮೇಲೆಯೇ ಬೆಳೆದೆ. ಭಾವ ಹೋದ ಮೇಲೆ ಮೂರು ವರ್ಷದ ಹೆಣ್ಣುಮಗುವನ್ನು ಕರೆದುಕೊಂಡು ತವರಿಗೆ ಬಂದಳು. ಅಪ್ಪ ಕೆಳಗಿನ ಎರಡು ಎಕರೆಯನ್ನು ನೀನು ಮಾಡಿಕೊ ಎಂದು ಬಾಯಿಮಾತಿನಲ್ಲಿ ಕೊಟ್ಟರು. ಕಾಗದವಿಲ್ಲ, ಪತ್ರವಿಲ್ಲ. ನಮ್ಮ ಮನೆಯ ಹಿಂದೆಯೇ ಒಂದು ಅಂಕಣದ ಮನೆ ಹಾಕಿಕೊಂಡಳು. ಅಪ್ಪ ಇರುವವರೆಗೆ ಅದು ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ.

ಅಪ್ಪ ಹೋದ ಎರಡನೇ ವರ್ಷ ಅವಳ ಮಗಳಿಗೆ ಕಂಪಲಾಪುರದಿಂದ ಗಂಡು ಬಂತು. ಹುಡುಗನ ಚಿಕ್ಕಪ್ಪ ಒಂದು ಬೆಳಿಗ್ಗೆ ಬಂದವನು ಕಾಫಿ ಕುಡಿದು ಸುಮ್ಮನೆ ಹೋಗಲಿಲ್ಲ. ಅಕ್ಕನ ಜೊತೆ ಕೆಳಗಿನ ಹೊಲಕ್ಕೆ ಹೋದ. ನಾನು ಬೇಲಿಯ ಲಂಟಾನದ ಹಿಂದೆ ನಿಂತು ನೋಡಿದೆ. ದನ ಹುಡುಕುವವನ ಹಾಗೆ ಕೈಯಲ್ಲೊಂದು ಕೋಲು ಹಿಡಿದುಕೊಂಡಿದ್ದೆ. ಅವನು ಬದುವಿನ ಮೇಲೆ ಹೆಜ್ಜೆ ಹಾಕುತ್ತ ಹೋದ. ಅಕ್ಕ ಕೈ ಚಾಚಿ ಅಲ್ಲಿಂದ ಇಲ್ಲಿಗೆ ಎಂದು ತೋರಿಸಿದಳು. ಅವತ್ತಿನಿಂದ ನನ್ನ ಕಣ್ಣು ಬದಲಾಯಿತು. ಅಕ್ಕ ನಮ್ಮ ಮನೆಗೆ ಮಜ್ಜಿಗೆಗೆ ಬಂದರೆ ಯಾಕೆ ಬಂದಳು ಎಂದು ನೋಡುತ್ತಿದ್ದೆ. ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಯೋಚಿಸುತ್ತಿದ್ದೆ. ಹೊಲವನ್ನು ಮಗಳ ಕಡೆಯವರಿಗೆ ಮಾಡಿಕೊಡುತ್ತಾಳೆಂದು ನನ್ನ ಮನೆಯವಳಿಗೆ ಹೇಳಿದೆ. ಅವಳು ಆಗ ಏಳು ತಿಂಗಳ ಬಸುರಿ. ರೊಟ್ಟಿ ತಟ್ಟುತ್ತ, ನಿಮ್ಮ ಅಕ್ಕನನ್ನು ನೀವೇ ಕೇಳಬಹುದಲ್ಲ ಎಂದಳು. ಕೇಳುವುದು ನನಗೆ ಸೋತಂತೆ ಕಾಣಿಸಿತು.

ಆ ವರ್ಷ ನನ್ನದು ಬೇಗ ಬರುವ ರಾಗಿ. ಕಾರ್ತಿಕದಲ್ಲೇ ಕುಯ್ದು ಹಾಸಿದ್ದೆ. ಅಕ್ಕನದು ಒಂದು ತಿಂಗಳು ತಡ. ಇನ್ನೂ ಹಸಿರಾಗಿ ನಿಂತಿತ್ತು. ನನ್ನ ರಾಗಿ ಎರಡು ಬಿಸಿಲು ಕಂಡಿತ್ತು, ಅಷ್ಟೇ. ಅಕ್ಕ ಹುಣಸೂರಿನ ದಾರಿಯಿಂದ ನೇರ ಹೊಲಕ್ಕೇ ಬಂದಳು. ಕಾಲೆಲ್ಲ ಕೆಂಪು ಧೂಳು. ಬದುವಿನ ಮೇಲೆ ನಿಂತು, ಗಲ್ಲ ಎತ್ತಲಿಲ್ಲ, ಕೈ ತೋರಿಸಲಿಲ್ಲ, ಬಾಯಿಬಿಟ್ಟೇ ಹೇಳಿದಳು.

"ತಮ್ಮಯ್ಯ, ಮದ್ರಾಸ್ ಸಮುದ್ರದಲ್ಲಿ ಗಾಳಿ ಎದ್ದದಂತೆ ಕಣೋ. ಸಾಬ್ರು ರೇಡಿಯೋದಲ್ಲಿ ಬಂತು. ಇನ್ನೆರಡು ದಿನಕ್ಕೆ ಮಳೆ ಬತ್ತದಂತೆ. ಕಂತೆ ಕಟ್ಬುಡು."

ಸಾಬರೆಂದರೆ ಹುಣಸೂರಿನಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ವಯಸ್ಸಾದವರು. ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಸಲು ಸುತ್ತಿನ ಹಳ್ಳಿಗಳೆಲ್ಲ ಅವರ ಅಂಗಡಿಗೇ ಹೋಗುತ್ತಿದ್ದವು. ಅವರ ತಮ್ಮ ಮದ್ರಾಸಿನ ಮರದ ವ್ಯಾಪಾರದಲ್ಲಿದ್ದುದರಿಂದ ಆ ಊರಿನ ಸುದ್ದಿಗೆಂದೇ ಒಂದು ರೇಡಿಯೋ ತಂದು, ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ, ಅಂಗಡಿಯ ಗೂಡಿನಲ್ಲಿ ಇಟ್ಟಿದ್ದರು.

ಅಕ್ಕ ಮಳೆಯ ಹೆಸರು ಎತ್ತಿದ್ದು ಕೇಳಿ ಮೂಡಲ ಕಡೆ ತಿರುಗಿ ನೋಡಿದೆ. ಅಪ್ಪನ ಕಟ್ಟು ಅವಳಿಗೆ ಗೊತ್ತಿಲ್ಲವೇ? ತನ್ನ ಬೆಳೆ ಇನ್ನೂ ಹಸಿರು, ಅವಳಿಗೇನು ಎಂದುಕೊಂಡೆ. ಆದರೂ ಭಯವಾಯಿತು. ಕಂತೆ ಕಟ್ಟಿದೆ. ಅಕ್ಕ, ಅವಳ ಮಗಳು ಇಬ್ಬರೂ ಎರಡು ದಿನ ನನ್ನ ಜೊತೆ ಬಗ್ಗಿ ಕೆಲಸ ಮಾಡಿದರು. ಹುಡುಗಿಗೆ ನಗು ಜಾಸ್ತಿ. ಕಂಪಲಾಪುರದಲ್ಲಿ ಕಂತೆಯನ್ನು ಹೇಗೆ ಕಟ್ಟುತ್ತಾರೋ, ತಪ್ಪು ಕಟ್ಟಿದರೆ ಅತ್ತೆ ವಾಪಸ್ಸು ಕಳಿಸುತ್ತಾಳೇನೋ ಎಂದು ನನ್ನ ಮನೆಯವಳು ರೇಗಿಸಿದರೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮೆದೆ ಎದ್ದಿತು.

ಮಳೆ ಬರಲಿಲ್ಲ. ಮೂರನೇ ದಿನ ಕಣ್ಣು ಕುಕ್ಕುವ ಬಿಸಿಲು. ಐದನೇ ದಿನ ಅಕ್ಕ ಮತ್ತೆ ಹುಣಸೂರಿನಿಂದ ಬಂದಳು. ಗಾಳಿ ತಿರುಗಿಕೊಂಡು ಬಡಗಲ ಕಡೆಗೆ ಹೋಯಿತಂತೆ, ಮೆದೆ ಬಿಚ್ಚಿ ಹರವು, ಇನ್ನೆರಡು ಬಿಸಿಲು ಕುಡಿಯಲಿ ಎಂದಳು. ನಾನು ಅವಳ ಮುಖ ನೋಡಿದೆ. ಒಮ್ಮೆ ಕಟ್ಟು ಎಂದಳು, ಈಗ ಬಿಚ್ಚು ಎನ್ನುತ್ತಾಳೆ. ಬಿಚ್ಚಿ ಹರವಿದ ಮೇಲೆ ಮಳೆ ಬಂದರೆ? ಅದಕ್ಕೇ ಕಾಯುತ್ತಿದ್ದಾಳೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಹೂಂ ಎಂದೆ. ಬಿಚ್ಚಲಿಲ್ಲ.

ಹತ್ತು ದಿನ ಕಳೆದು ಮೆದೆಯೊಳಗೆ ಕೈ ಹಾಕಿದರೆ ಜ್ವರದ ಮಗುವಿನ ಕಂಕುಳಿನಂತೆ ಸುಡುತ್ತಿತ್ತು. ಕಿತ್ತು ನೋಡಿದರೆ ನಡುವಿನ ಕಂತೆಗಳಿಗೆಲ್ಲ ಬಿಳಿ ಬೂಷ್ಟು. ಕಂತೆ ಕಟ್ಟದೆ ಬಿಟ್ಟಿದ್ದ ಪಕ್ಕದ ಹೊಲದವರ ರಾಗಿ ಗರಿಗರಿಯಾಗಿ ಒಣಗಿ ಕಣ ಸೇರಿತ್ತು. ಅರಳಿಕಟ್ಟೆಯ ಮೇಲೆ ಒಬ್ಬ, "ನಿಮ್ಮಕ್ಕ ಸಮುದ್ರಕ್ಕೇ ಓಗಿ ಮೂಸ್ನೋಡ್ಬಂದೋಳಂಗೆ ಹೇಳ್ತಾಳೆ ಕಣ್ಲಾ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಲೆಕ್ಕ ಬೇರೆಯಾಯಿತು. ಮೆದೆ ಬಿಚ್ಚು ಎಂದು ಅವಳು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ನನಗೇ ಅದು ಮರೆತುಹೋಯಿತು. ಅಕ್ಕ ಬೇಕೆಂದೇ ನನ್ನ ರಾಗಿ ಕೆಡಿಸಿದಳು, ಮನೆಯಲ್ಲಿ ಕಾಳಿಲ್ಲದವನು ಹೊಲದ ಮಾತು ಎತ್ತುವುದಿಲ್ಲವೆಂದು ಹೀಗೆ ಮಾಡಿದಳು ಎಂಬುದಷ್ಟೇ ಉಳಿಯಿತು. ಮುಗ್ಗದೆ ಉಳಿದದ್ದನ್ನು ಆರಿಸಿ, ಒಣಗಿಸಿ ಮತ್ತೆ ಸಣ್ಣದೊಂದು ಮೆದೆ ಮಾಡಿಕೊಂಡೆ.

ಮಾರ್ಗಶಿರ ಬಂತು. ಅಕ್ಕ ತನ್ನ ರಾಗಿ ಕುಯ್ದಳು. ತೆನೆ ಒಂದೊಂದೂ ಮುಷ್ಟಿಯಷ್ಟು ದಪ್ಪ. ಅಷ್ಟು ಚೆನ್ನಾಗಿ ಆ ಹೊಲದಲ್ಲಿ ಬೆಳೆದದ್ದನ್ನು ಅಪ್ಪನ ಕಾಲದಲ್ಲೂ ನಾನು ನೋಡಿರಲಿಲ್ಲ. ಅದರ ಮೇಲೆ ಅವಳ ಇಡೀ ವರ್ಷದ ಊಟ ನಿಂತಿತ್ತು. ಮಗಳ ಮದುವೆ ಮಾಘಕ್ಕೆಂದು ಮಾತಾಗಿತ್ತು. ಕಾಳು ಮನೆ ಸೇರಿದ ಮೇಲೆ ಲಗ್ನಪತ್ರಿಕೆ ಎಂದು ಕಂಪಲಾಪುರದವರು ಹೇಳಿದ್ದರು.

ಭಾನುವಾರ ನಾನು ಗಾಡಿ ಚಕ್ರಕ್ಕೆ ಪಟ್ಟಿ ಹಾಕಿಸಲು ಹುಣಸೂರಿಗೆ ಹೋದೆ. ಕಾದು ಕೆಂಪಾದ ಪಟ್ಟಿಯನ್ನು ಚಕ್ರಕ್ಕೆ ಕೂರಿಸಿ ನೀರು ಎರಚಿ ಹೊಗೆ ಏಳುತ್ತಿರುವಾಗ ಒಳಗೆ ರೇಡಿಯೋದಲ್ಲಿ ವಾರ್ತೆ ಬಂತು. ಸಾಬರು ಕೈ ಎತ್ತಿ ಸುತ್ತಿಗೆಯವನನ್ನು ಸುಮ್ಮನಿರಿಸಿದರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ, ಮದ್ರಾಸಿನ ದಕ್ಷಿಣಕ್ಕೆ ದಡ ಸೇರುತ್ತದೆ, ಒಳನಾಡಿನಲ್ಲೂ ಮಳೆಯಾಗುತ್ತದೆ ಎಂದು ಆ ದನಿ ಹೇಳಿತು. ಎಷ್ಟು ತಣ್ಣಗೆ ಹೇಳಿತೆಂದರೆ ಅದಕ್ಕೆ ಹೊಲವೇ ಇಲ್ಲವೇನೋ ಅನ್ನಿಸಿತು.

"ಓದ್ಸಲ ಮೇಲಕ್ಕೆ ತಿರುಗ್ತು. ಈ ಸಲ ತಪ್ಪೋದಿಲ್ಲ ಯಜಮಾನ್ರೇ. ಬೇಗ ಗಾಡಿ ಕಟ್ಕೊಂಡು ಓಗಿ, ನಿಮ್ಮಕ್ಕಾರಿಗೆ ಹೇಳಿ" ಎಂದರು ಸಾಬರು.

ದಾರಿಯುದ್ದಕ್ಕೂ ಹೇಳಬೇಕೆಂದೇ ಇದ್ದೆ ಎಂದು ಬರೆಯಲು ಆಸೆಯಾಗುತ್ತದೆ. ಹಾಗಿರಲಿಲ್ಲ. ಮೊದಲ ಮೈಲಿಗೆ, ಹೇಳಿದರೆ ಅವಳು ನಂಬುವುದಿಲ್ಲ, ತನ್ನ ರಾಗಿಯನ್ನೂ ಮುಗ್ಗಿಸಲು ಬಂದ ಎಂದುಕೊಳ್ಳುತ್ತಾಳೆ ಎಂದು ಯೋಚಿಸಿದೆ. ಎರಡನೆಯ ಮೈಲಿಗೆ, ಈ ಸಲವೂ ಗಾಳಿ ತಿರುಗಿದರೆ ಊರೆಲ್ಲ ನನ್ನನ್ನು ನಗುತ್ತದೆ ಎಂದು. ಆಮೇಲೆ ಅಪ್ಪನ ಕಟ್ಟು ನೆನಪಾಯಿತು. ಕುಯ್ದ ಹೊಲದ ಮೇಲೆ ಆ ಹೆಸರು ಎತ್ತಬಾರದು. ಅದು ನೆನಪಾದದ್ದೇ ನನಗೆ ಎಷ್ಟು ಹಗುರವಾಯಿತೆಂದರೆ ಎತ್ತುಗಳಿಗೆ ಚಾವಟಿ ತೋರಿಸುವುದನ್ನೂ ಮರೆತೆ. ಅವು ತಮ್ಮಷ್ಟಕ್ಕೆ ನಡೆದವು. ಅಕ್ಕನ ಹೊಲ ದಾರಿಯ ಪಕ್ಕದಲ್ಲೇ. ಹೊಸ ಪಟ್ಟಿಯ ಸದ್ದಿಗೆ ಅವಳು ತಲೆ ಎತ್ತಿ ನೋಡಿದಳು. ನಾನು ನಿಲ್ಲಿಸಲಿಲ್ಲ.

ದೀಪ ಹಚ್ಚುವ ಮೊದಲು ಅವಳೇ ನಮ್ಮ ಬಾಗಿಲಿಗೆ ಬಂದಳು. ಸೆರಗಿಗೆ ರಾಗಿಯ ಧೂಳು ಹತ್ತಿತ್ತು. ಈ ಸಲ ಅವಳು ಕಟ್ಟು ಮುರಿಯಲಿಲ್ಲ. ಗಲ್ಲವನ್ನು ಮೂಡಲ ಕಡೆಗೆ ಎತ್ತಿ ಕೇಳಿದಳು.

"ಸಾಬ್ರು ಅಂಗಡಿಗೆ ಓಗಿದ್ದಲ್ಲ ತಮ್ಮಯ್ಯ, ಏನಾದ್ರೂ ಸುದ್ದಿ ಇತ್ತಾ?"

"ಏನಿಲ್ಲ ಕಣಕ್ಕ. ಪಟ್ಟಿ ಹಾಕಿಸ್ಕಬಂದೆ, ಅಷ್ಟೇ."

"ಅಂಗಾದ್ರೆ ಇನ್ನೆರಡು ಬಿಸ್ಲು ಕಾಣ್ಲಿ ಬುಡು" ಎಂದು ಹೋದಳು.

ಮರುದಿನ ಸೋಮವಾರ. ಶಿವನ ವಾರ. ನಮ್ಮಲ್ಲಿ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇವತ್ತು ಹೇಳಿದರೂ ಗಾಡಿ ಕಟ್ಟುವಂತಿಲ್ಲವಲ್ಲ, ಹೇಳಿ ಏನು ಪ್ರಯೋಜನ ಎಂದುಕೊಂಡೆ. ಹಣೆಗೆ ವಿಭೂತಿ ಇಟ್ಟುಕೊಂಡು ಎತ್ತುಗಳ ಮೈ ತೊಳೆದೆ. ಆಕಾಶ ಬೆಳಗಿನಿಂದಲೇ ಬೆಳ್ಳಗಿತ್ತು. ಮಧ್ಯಾಹ್ನ ನಾನು ಏಣಿ ಹಾಕಿ ನನ್ನ ಸಣ್ಣ ಮೆದೆಯ ಮೇಲೆ ಹೊಸ ಹುಲ್ಲು ಹೊದಿಸಿದೆ. ಗಾಳಿಗೆ ಹಾರದಂತೆ ಮೇಲೆ ಕಲ್ಲುಗಳನ್ನು ಹೇರಿದೆ. ಮೆದೆಯ ಮೇಲಿಂದ ಅಕ್ಕನ ಹೊಲ ಕಾಣುತ್ತಿತ್ತು. ತಾಯಿ ಮಗಳು ಇಬ್ಬರೂ ತೆನೆ ಮಗುಚಿ ಹಾಕುತ್ತಿದ್ದರು. ಹುಡುಗಿ ನನ್ನ ಕಡೆ ನೋಡಿ ಕೈ ಬೀಸಿದಳು. ನಾನೂ ಬೀಸಿದೆ.

ಮಂಗಳವಾರ ಬೆಳಿಗ್ಗೆ ಮೂಡಗಾಳಿ ಎದ್ದಿತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹನಿ. ಗಾಡಿ ಹೂಡಿಕೊಂಡು ಎಲ್ಲರಿಗಿಂತ ಮೊದಲು ಅವಳ ಹೊಲಕ್ಕೆ ಓಡಿದವನು ನಾನೇ. ಒಂದು ಗಾಡಿಯಷ್ಟು ಉಳಿಸಿದೆವು. ಎರಡನೆಯ ಗಾಡಿ ತುಂಬುವಾಗ ಚಕ್ರ ಹೂತುಕೊಂಡಿತು. ನಾನು ಕೆಸರಿನಲ್ಲಿ ಬಿದ್ದು ಭುಜ ಕೊಟ್ಟು ತಳ್ಳಿದೆ. ತಮ್ಮ ಅಂದರೆ ಹೀಗಿರಬೇಕು ಎಂದು ಊರಿನವರು ಹೇಳಿಕೊಂಡರಂತೆ. ಅಕ್ಕ ತನ್ನ ಸೆರಗಿನಿಂದ ನನ್ನ ತಲೆ ಒರೆಸಿದಳು. ಒರೆಸುವಾಗ ಅವಳ ಕಣ್ಣು ನೋಡಬಾರದೆಂದು ಗಾಡಿಯ ಕಡೆ ತಿರುಗಿಕೊಂಡೆ.

ನಾಲ್ಕು ದಿನ ಜಡಿ ಬಿಡಲಿಲ್ಲ. ಐದನೆಯ ದಿನ ಬಿಸಿಲು ಬಂದಾಗ ಅವಳ ಹೊಲ ಹಸಿರಾಗಿತ್ತು. ಬಿತ್ತದೆ ಹುಟ್ಟಿದ ಪೈರಿನ ಹಾಗೆ ಸಾಲು ಸಾಲಾಗಿ ತೆನೆಗಳ ಮೇಲೆಯೇ ಮೊಳಕೆ ನಿಂತಿತ್ತು.

ಮೊಳೆತ ರಾಗಿಯ ಹಿಟ್ಟಿನಿಂದ ಮುದ್ದೆ ಕಟ್ಟಲಾಗುವುದಿಲ್ಲ. ಎಷ್ಟು ತೊಳಸಿದರೂ ನೀರು ಬಿಟ್ಟುಕೊಂಡು ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ. ಆ ವರ್ಷ ಪೂರ್ತಿ ಅಕ್ಕನ ಮನೆಯಲ್ಲಿ ಮುದ್ದೆ ನಿಲ್ಲಲಿಲ್ಲ. ಉಳಿಸಿದ ಒಂದು ಗಾಡಿಯ ಕಾಳನ್ನು ಅವಳು ಬಿತ್ತನೆಗೆಂದು, ಬಂದ ನೆಂಟರಿಗೆಂದು ಎತ್ತಿಟ್ಟಳು. ತಾಯಿ ಮಗಳು ಅಂಬಲಿ ಕಾಯಿಸಿಕೊಂಡು ಕುಡಿದರು. ಕಂಪಲಾಪುರದವರು ಮಾಘದವರೆಗೆ ಕಾಯಲಿಲ್ಲ. ಕುಯ್ದ ಬೆಳೆ ಮೊಳೆತ ಮನೆಯ ಹೆಣ್ಣು ಬೇಡವೆಂದು ಅವರ ಹಿರಿಯರೊಬ್ಬರು ಅಂದರಂತೆ. ಹುಡುಗನಿಗೆ ಬೇರೆ ಕಡೆ ಮಾಡಿದರು. ಅದನ್ನು ಹೇಳುವಾಗ ಅಕ್ಕ ನನ್ನೆದುರು ಕುಳಿತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವರಿಗೆ ಹೊಲ ತೋರಿಸಿದ್ದೆ, ಅದರಲ್ಲಿ ಒಂದು ತುಂಡನ್ನು ಮಗಳ ಹೆಸರಿಗೆ ಮಾಡಬೇಕೆಂದು ಆಸೆ ಇತ್ತು, ಸುಗ್ಗಿ ಮುಗಿದ ಮೇಲೆ ನಿನ್ನನ್ನು ಕೇಳಿ ನೀನು ಹೂಂ ಎಂದರೆ ಮಾತ್ರ ಎಂದುಕೊಂಡಿದ್ದೆ, ಇನ್ನು ಆ ಮಾತು ಬೇಡ ಎಂದಳು. ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಅದನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ಬಹಳ ದಿನ ನೋಡಿದೆ. ಆಗಲಿಲ್ಲ.

ಪುಷ್ಯದಲ್ಲಿ ನನಗೆ ಗಂಡುಮಗುವಾಯಿತು. ಆರು ತಿಂಗಳಿಗೆ ಅಕ್ಕ ಒಂದು ಸಣ್ಣ ಡಬ್ಬಿ ತಂದಳು. ಮೊಳೆತ ರಾಗಿಯಲ್ಲಿ ಬೂಷ್ಟು ಹಿಡಿಯದ ಕಾಳನ್ನು ಒಂದೊಂದಾಗಿ ಆರಿಸಿ, ತೊಳೆದು, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು. ಮಗುವಿಗೆ ರಾಗಿಸರಿ ಮಾಡಲು ಮೊಳಕೆ ಕಾಳೇ ಒಳ್ಳೆಯದು ಕಣಮ್ಮ ಎಂದು ನನ್ನ ಮನೆಯವಳಿಗೆ ಹೇಳಿ, ತಾನೇ ಹಾಲಿನಲ್ಲಿ ಕಾಯಿಸಿ ಬಟ್ಟಲಿಗೆ ಹಾಕಿದಳು. ಆ ಹೊತ್ತಿಗೆ ನನ್ನ ತಲೆಯಲ್ಲಿ ಬಂದದ್ದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಅವಳಿಗೆ ಗೊತ್ತಾಗಿದೆ, ಮಗುವಿಗೆ ಮದ್ದು ಹಾಕಿದ್ದಾಳೆ ಎಂದುಕೊಂಡೆ. ಕೈಮದ್ದು ಎಂದರೆ ಊಟದಲ್ಲಿ ಕಲಸಿ ಕೊಡುವ ವಿಷ. ಯಾರು ಯಾರಿಗೆ ಹಾಕಿದರೆಂದು ನಮ್ಮ ಕಡೆ ಪಿಸುಮಾತು ಆಗಾಗ ಎದ್ದೇಳುತ್ತಿತ್ತು. ನಾನು ಬಟ್ಟಲನ್ನು ತೆಗೆದುಕೊಂಡು, ಬಿಸಿ ನೋಡುತ್ತೇನೆಂದು ಎರಡು ಬೆರಳಿನಷ್ಟು ಬಾಯಿಗೆ ಹಾಕಿಕೊಂಡು, ನುಂಗಿ, ಕಾದೆ. ಎಷ್ಟು ಹೊತ್ತು ಕಾದೆನೋ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮಗುವನ್ನು ನನ್ನ ಮನೆಯವಳ ಮಡಿಲಿಗೆ ಕೊಟ್ಟು ಎದ್ದು ಹೋದಳು. ರಾಗಿಸರಿ ಸಿಹಿಯಾಗಿತ್ತು.

ಈ ನಡುವೆ ಒಮ್ಮೆ ಹುಣಸೂರಿಗೆ ಹೋದಾಗ ಸಾಬರು ಅಕ್ಕನ ಬೆಳೆಯ ಸುದ್ದಿ ಕೇಳಿ ಬಹಳ ನೊಂದುಕೊಂಡರು. ಕಾರ್ತಿಕದಲ್ಲಿ ಅವಳು ನಾಲ್ಕು ಮೈಲಿ ನಡೆದು ಬಂದು ಜಗಲಿಯ ಮೇಲೆ ವಾರ್ತೆಗೆ ಕಾಯುತ್ತಿದ್ದಳಂತೆ. ತನ್ನ ಬೆಳೆಗಲ್ಲ, ತಮ್ಮನ ರಾಗಿ ಹಾಸಿದೆ ಎಂದು. ಗಾಳಿ ತಿರುಗಿತೇ ಎಂದು ಕೇಳಲು ಮತ್ತೊಮ್ಮೆ ಬಂದಿದ್ದಳಂತೆ.

"ನೀವು ಆ ಭಾನುವಾರವೇ ಹೇಳಿದ್ರಿ ತಾನೇ?" ಎಂದು ಕೇಳಿದರು.

ಹೌದು ಎಂದು ತಲೆಯಾಡಿಸಿದೆ.

ಅಲ್ಲಿಂದ ನನಗೆ ಹೊಸ ಭಯ ಹಿಡಿಯಿತು. ಅಕ್ಕ ಹುಣಸೂರಿಗೆ ಹೋದರೆ, ಸಾಬರು ಬಾಯಿಬಿಟ್ಟರೆ? ಅವಳ ಉಪ್ಪು, ಸೀಮೆಎಣ್ಣೆ, ಮಗಳ ಬಳೆ, ಎಲ್ಲವನ್ನೂ ನಾನೇ ತಂದುಕೊಡತೊಡಗಿದೆ. ನಿನಗೆ ಯಾಕೆ ಅಕ್ಕ ಅಷ್ಟು ದೂರ ಎನ್ನುತ್ತಿದ್ದೆ. ಅದಕ್ಕೂ ಊರು ನನ್ನನ್ನು ಹೊಗಳಿತು. ಅವಳು ಯಾವಾಗಲಾದರೂ ಸುಮ್ಮನೆ ಕುಳಿತಿದ್ದರೆ ಗೊತ್ತಾಗಿದೆ ಎಂದುಕೊಳ್ಳುತ್ತಿದ್ದೆ. ನಕ್ಕರೆ, ಗೊತ್ತಾಗಿ ನಗುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ. ಎರಡು ವರ್ಷ ಬಿಟ್ಟು ಹುಡುಗಿಗೆ ಹೆಗ್ಗಡದೇವನಕೋಟೆಯ ಆಚೆ, ಎನ್. ಬೇಗೂರಿನ ಕಡೆ ಮದುವೆಯಾಯಿತು. ಎರಡು ಬಸ್ಸು ಹತ್ತಿ, ಆಮೇಲೆ ಕಾಡಿನ ಅಂಚಿನಲ್ಲಿ ನಡೆಯಬೇಕು. ಕಂಪಲಾಪುರವಾಗಿದ್ದರೆ ಬೆಳಿಗ್ಗೆ ಹೋಗಿ ಸಾಯಂಕಾಲ ಬರಬಹುದಿತ್ತು. ಅಕ್ಕ ಮಗಳನ್ನು ವರ್ಷಕ್ಕೊಮ್ಮೆ ನೋಡುತ್ತಿದ್ದಳು. ಹಬ್ಬದ ದಿನ ಒಬ್ಬಳೇ ಕುಳಿತು ಒಬ್ಬಟ್ಟು ತಟ್ಟುತ್ತಿದ್ದಳು.

ಆ ಮಳೆಯಾಗಿ ನಾಲ್ಕನೆಯ ಮಾರ್ಗಶಿರ. ಅಕ್ಕನ ರಾಗಿ ಕುಯ್ದು ನಾಲ್ಕು ದಿನವಾಗಿತ್ತು. ನಾನು ಹುಣಸೂರಿನಲ್ಲಿ ಬೆಳಗಿನ ವಾರ್ತೆ ಕೇಳಿದೆ. ಮತ್ತೆ ಅದೇ ಕೊಲ್ಲಿ, ಅದೇ ತಣ್ಣನೆಯ ದನಿ. ಬಸ್ಸಿಗೆ ಕಾಯಲಿಲ್ಲ. ನಡೆದೆ, ನಡುನಡುವೆ ಓಡಿದೆ. ಅಕ್ಕ ಹೊಲದಲ್ಲಿದ್ದಳು. ಬದುವಿನ ಮೇಲೆ, ಅವಳು ಒಮ್ಮೆ ನಿಂತಿದ್ದ ಹಾಗೆಯೇ ನಿಂತೆ.

"ಅಕ್ಕ, ಮಳೆ ಬತ್ತದೆ."

ಅವಳು ಆಕಾಶ ನೋಡಲಿಲ್ಲ. ಯಾರು ಹೇಳಿದರು ಎಂದು ಕೇಳಲಿಲ್ಲ. ತಿರುಗಿದರೆ ಏನು ಗತಿ ಎಂದೂ ಕೇಳಲಿಲ್ಲ. ನಾನು ಅದೆಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ.

"ಹುರಿ ಹೊಸೆದಿಟ್ಟಿವ್ನಿ, ಆ ಮರದ ತಾವದೆ. ತಕ್ಕಬಾ" ಎಂದಳು.

ಅವತ್ತೂ ಸೋಮವಾರ. ಗಾಡಿ ಹೂಡುವಂತಿರಲಿಲ್ಲ. ನಾನು, ಅಕ್ಕ, ನನ್ನ ಮನೆಯವಳು ಮೂವರೂ ಕಂತೆ ಕಟ್ಟಿ ತಲೆಯ ಮೇಲೆ ಕಣಕ್ಕೆ ಹೊತ್ತೆವು. ಮಗುವನ್ನು ಹೊಂಗೆಮರದ ಕೆಳಗೆ ಕೂರಿಸಿ ಕೈಗೊಂದು ತೆನೆ ಕೊಟ್ಟಿದ್ದೆವು. ಹೊತ್ತು ಮುಳುಗುವ ಮೊದಲು ಎರಡು ಎಕರೆಯೂ ಖಾಲಿಯಾಯಿತು. ಎತ್ತು ಬೇಕಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆಯೂ ಒಂದು ಸೋಮವಾರ ಹೀಗೆಯೇ ಬೆಳಗಿನಿಂದ ಸಂಜೆಯವರೆಗೆ ಇತ್ತು. ಆಗ ನಮ್ಮ ಜೊತೆ ಆ ಹುಡುಗಿಯೂ ಇದ್ದಳು.

ನನ್ನ ಮನೆಯವಳು ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು. ನಾನು ಮೆದೆಯ ಮೇಲಿದ್ದೆ. ಅಕ್ಕ ಕೆಳಗಿನಿಂದ ಕಂತೆ ಎತ್ತಿ ಕೊಡುತ್ತಿದ್ದಳು. ಮೂಡಲ ಕಡೆ ಬೆಳ್ಳಗಾಗಿತ್ತು. ಮಳೆ ಬರುತ್ತದೋ ಇಲ್ಲವೋ ಇನ್ನೂ ತಿಳಿಯದು. ಕೊನೆಯ ಕಂತೆ ಕೈಗೆ ಬಂದಾಗ ಅದನ್ನು ಇಡಲು ನನಗಾಗಲಿಲ್ಲ. ಹಿಡಿದುಕೊಂಡೇ ಹೇಳಿದೆ. ಆ ಭಾನುವಾರ ರೇಡಿಯೋದಲ್ಲಿ ಕೇಳಿದ್ದೆ, ಸಾಬರು ನಿನಗೆ ಹೇಳೆಂದಿದ್ದರು, ನೀನು ಬಾಗಿಲಿಗೆ ಬಂದು ಕೇಳಿದರೂ ಇಲ್ಲವೆಂದೆ ಎಂದೆ. ಮಗುವಿನ ಬಟ್ಟಲಿನಿಂದ ಬಾಯಿಗೆ ಹಾಕಿಕೊಂಡದ್ದು ಬಿಸಿ ನೋಡಲು ಅಲ್ಲ, ಮದ್ದಿನ ಅನುಮಾನಕ್ಕೆ ಎಂಬುದನ್ನೂ ಹೇಳಿದೆ.

ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಸೋಮವಾರ ನೀನು ಮೆದೆ ಮೇಲೆ ಕಲ್ಲು ಹೇರ್ತಿದ್ದದ್ದ ಕಂಡಿದ್ದೆ ಕಣೋ. ಮಗಳು ಕೇಳುದ್ಲು, ಮಾವ ಯಾಕವ್ವ ಕಲ್ಲು ಇಡ್ತಾವ್ನೆ ಅಂತ. ಅಂಗೇನಾದ್ರೂ ಇದ್ರೆ ನನ್ನ ತಮ್ಮ ನಂಗೆ ಹೇಳ್ದೆ ಇರ್ತಾನಾ ಅಂದೆ."

ಅಷ್ಟು ಹೇಳಿ ಅವಳು ನೆಲದ ಮೇಲೆ ಉದುರಿದ್ದ ತೆನೆಗಳನ್ನು ಆರಿಸಲು ಬಗ್ಗಿದಳು. ನಾನು ಏಣಿ ಇಳಿದೆ. ಕಂತೆ ಇನ್ನೂ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಅವಳ ಎದುರಿಗೆ ನಾನೂ ಬಗ್ಗಿದೆ. ಕಾಲು ಮುಟ್ಟಲು ಹೋದರೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಮನಸ್ಸಿನಲ್ಲಿ ನಾಲ್ಕು ವರ್ಷ ಹೇಳಿಕೊಂಡಿದ್ದ ಮಾತನ್ನು ಅವತ್ತು ಬಾಯಿಬಿಟ್ಟು, ಹೊಲದಾಚೆ ದಾರಿಯಲ್ಲಿ ಹೋಗುವವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ.

"ಗೊತ್ತಿದ್ದೂ ಹೇಳ್ನಿಲ್ಲ ಅಕ್ಕ. ನಿನ್ನ ರಾಗಿ ಕೆಡ್ಲಿ ಅಂತಲೇ ಹೇಳ್ನಿಲ್ಲ. ತಪ್ಪಾಯ್ತು ಕಣಕ್ಕ, ನಂದು ತಪ್ಪಾಯ್ತು."